ದ್ರಾಕ್ಷಾಯಿಣಿಯ ತಳವಾರ

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಗಂಗಪ್ಪ ತಳವಾರರ ಮನೆ ಎಲ್ಲಿ ಎಂದು ಕೇಳಿದರೆ ಜನ, "ಯಾರು, ಕಂಪ್ಯೂಟರ್ ದ್ರಾಕ್ಷಾಯಿಣಿ ಅವರಪ್ಪನ ಮನೀನ?" ಎಂದು ತಿರುಗಿ ಕೇಳುತ್ತಾರೆ. ಅಪ್ಪನ ಹೆಸರಿನಿಂದ ಮಗಳನ್ನು ಗುರುತಿಸುವುದು ಊರಿನ ರೂಢಿ. ಇಲ್ಲಿ ಅದು ತಿರುವುಮುರುವಾಗಿದೆ. ಗಂಗಪ್ಪನಿಗೆ ಅದರಿಂದ ಬೇಸರವೇನಿಲ್ಲ. ಗೊತ್ತಿಲ್ಲದವರ ಹತ್ತಿರವೂ ವಿಳಾಸ ಹೇಳುವಾಗ ಬೇಕೆಂದೇ ಮಗಳ ಹೆಸರನ್ನು ಮುಂದೆ ಮಾಡುತ್ತಾನೆ.

ಗಂಗಪ್ಪನ ಮನೆತನದವರು ಹಳ್ಳಿಯಲ್ಲಿ ತಲೆತಲಾಂತರದಿಂದ ತಳವಾರರು. ಊರು ಕಾಯುವುದು, ಹೊಸಬರು ಬಂದರೆ ಗೌಡರಿಗೆ ಸುದ್ದಿ ಮುಟ್ಟಿಸುವುದು, ಬಣವೆಗೆ ಬೆಂಕಿ ಬಿದ್ದರೆ ಕೂಗಿ ಊರನ್ನು ಎಬ್ಬಿಸುವುದು ಅವರ ಕೆಲಸ. ಕಾಲ ಬದಲಾಗಿ ಆ ಹುದ್ದೆ ಹೋಯಿತು. ಗಂಗಪ್ಪ ಹೆಂಡತಿಯನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದು ಹತ್ತಿ ಗೋದಾಮಿನ ಕಾವಲಿಗೆ ನಿಂತ. ಹೆಂಡತಿ ಫಕೀರವ್ವ ಬೆಂಗೇರಿಯ ಖಾದಿ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಳು. ಅವರ ಹಿರಿಯ ಮಗಳೇ ದ್ರಾಕ್ಷಾಯಿಣಿ.

ಹುಡುಗಿಗೆ ಚಿಕ್ಕಂದಿನಿಂದಲೂ ಬಿಚ್ಚುವ ಚಟ. ರೇಡಿಯೋ ಬಿಚ್ಚಿದಳು, ಗೋಡೆ ಗಡಿಯಾರ ಬಿಚ್ಚಿದಳು, ಗೋದಾಮಿನ ಮಾಲೀಕರು ಅಪ್ಪನಿಗೆ ಕೊಟ್ಟ ಟಾರ್ಚನ್ನೂ ಬಿಡಲಿಲ್ಲ. ಪುಣ್ಯಕ್ಕೆ ಬಿಚ್ಚಿದ್ದನ್ನು ಕೂಡಿಸುವುದೂ ಬರುತ್ತಿತ್ತು. ಹತ್ತನೆಯ ತರಗತಿ ಮುಗಿದ ಮೇಲೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಸೇರಿದಳು. ಆ ವರ್ಗದಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ಓಣಿಯ ಹೆಂಗಸರು "ಮಗಳಿಗೆ ರೇಡಿಯೋ ರಿಪೇರಿ ಕಲಸಾಕತ್ತೀಯೇನ?" ಎಂದು ಫಕೀರವ್ವನನ್ನು ಕೆಣಕಿದರೆ ಆಕೆ, "ಹೌದ, ನಿಮ್ಮ ಮನೀದು ಕೆಟ್ರ ಕಳಸ್ರಿ," ಎಂದು ನೂಲಿನ ಕಡೆ ತಿರುಗುತ್ತಿದ್ದಳು.

ಡಿಪ್ಲೊಮಾ ಮುಗಿಸಿ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕೆಲವು ವರ್ಷ ದುಡಿದ ದ್ರಾಕ್ಷಾಯಿಣಿ, ತೊಂಬತ್ತರ ದಶಕದ ಕೊನೆಗೆ ಹುಬ್ಬಳ್ಳಿಯ ಒಂದು ಖಾಸಗಿ ರಕ್ತನಿಧಿಗೆ ಬಂದಳು. ಅದನ್ನು ಕಟ್ಟಿದವರು ಡಾಕ್ಟರ್ ಮಂದಾಕಿನಿ. ಧಾರವಾಡದ ಹೆಣ್ಣುಮಗಳು, ಮಾತು ಮೃದು, ಶಿಸ್ತು ಗಟ್ಟಿ. ರಕ್ತ ಕೊಡುವವರ ಹೆಸರು, ಗುಂಪು, ವಿಳಾಸ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಬೇಕೆಂಬುದು ಅವರ ಹಟ.

"ಯಾರಿಗೆ ಯಾವಾಗ ರಕ್ತ ಬೇಕಾಗ್ತದೋ ಹೇಳಲಿಕ್ಕೆ ಆಗೂದಿಲ್ಲ. ಈ ಯಂತ್ರ ನಿಲ್ಲಬಾರದು ನೋಡು. ಇದರ ಜವಾಬ್ದಾರಿ ನಿಂದು," ಎಂದು ಮೊದಲ ದಿನವೇ ಹೇಳಿದರು.

"ನಿಲ್ಲಂಗಿಲ್ರಿ ಬಾಯಾರ," ಎಂದಳು ದ್ರಾಕ್ಷಾಯಿಣಿ. ಆ ಮಾತು ಎಷ್ಟು ಭಾರದ್ದು ಎಂದು ಗೊತ್ತಾಗಲು ಒಂದು ಬೇಸಿಗೆ ಸಾಕಾಯಿತು.

ರಕ್ತನಿಧಿಯ ಹಿಂದೆಯೇ ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿ. ಸುಗ್ಗಿ ಬಂತೆಂದರೆ ಗಾಳಿಯಲ್ಲೆಲ್ಲ ಹತ್ತಿಯ ಎಳೆ. ಕಿಟಕಿ ಮುಚ್ಚಿದರೂ ಅದು ಹೇಗೋ ಒಳಗೆ ನುಸುಳಿ ಕಂಪ್ಯೂಟರಿನೊಳಗಿನ ಫ್ಯಾನಿಗೆ ಸುತ್ತಿಕೊಂಡು ಗಂಟಾಗುತ್ತಿತ್ತು. ಫ್ಯಾನ್ ನಿಂತರೆ ಯಂತ್ರ ಕಾಯುತ್ತಿತ್ತು, ಕಾದರೆ ಸುಮ್ಮನೆ ಆರಿಬಿಡುತ್ತಿತ್ತು. ಇಡೀ ದಿನ ಅದರ ಮುಂದೆ ಕೂತು ಮುಟ್ಟಿ ನೋಡುತ್ತಿರಲು ಆಗುವುದಿಲ್ಲವಲ್ಲ? ಆಗಷ್ಟೇ ಪತ್ರಿಕೆಯೊಂದರ ಜೊತೆ ಬಂದ ಸೀಡಿಯಿಂದ ಅವಳು ಲಿನಕ್ಸ್ ಕಲಿತಿದ್ದಳು. ಯಾರು ಬೇಕಾದರೂ ಒಳಗೆ ಇಣುಕಿ ನೋಡಬಹುದಾದ, ತಿದ್ದಬಹುದಾದ, ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ ಅದು. ಬಿಚ್ಚುವ ಚಟದವಳಿಗೆ ಇನ್ನೇನು ಬೇಕು? ರಕ್ತನಿಧಿಯ ದೊಡ್ಡ ಯಂತ್ರಕ್ಕೆ ಅದನ್ನೇ ಹಾಕಿದಳು.

ಲಿನಕ್ಸಿನ ತಿರುಳಿಗೆ ಕರ್ನೆಲ್ ಎನ್ನುತ್ತಾರೆ. ಯಂತ್ರಕ್ಕೂ ನಾವು ಬಳಸುವ ಪ್ರೋಗ್ರಾಮುಗಳಿಗೂ ನಡುವೆ ನಿಂತು ಎಲ್ಲವನ್ನೂ ನಡೆಸುವುದು ಅದೇ. ಯಂತ್ರ ಎಷ್ಟು ಬಿಸಿಯಾಗಿದೆ, ಫ್ಯಾನ್ ತಿರುಗುತ್ತಿದೆಯೋ ಇಲ್ಲವೋ ಎಂಬುದೆಲ್ಲ ಅದಕ್ಕೆ ಗೊತ್ತು. ಆ ಅಂಕಿಗಳನ್ನು ಅದು ಗೊತ್ತುಮಾಡಿದ ಜಾಗದಲ್ಲಿ, ಗೊತ್ತುಮಾಡಿದ ಹೆಸರಿನ ಸಣ್ಣ ಫೈಲುಗಳಲ್ಲಿ ಹೊರಗಿಡುತ್ತದೆ. ಬೇಕಾದವರು ಓದಿಕೊಳ್ಳಬಹುದು. ದ್ರಾಕ್ಷಾಯಿಣಿ ಅದನ್ನು ಓದುವ ಒಂದು ಪ್ರೋಗ್ರಾಮ್ ಬರೆದಳು. ಬಿಸಿ ಮಿತಿ ದಾಟಿದರೆ ಪಡಸಾಲೆಯಲ್ಲಿ ತೂಗುಹಾಕಿದ ಕರೆಂಟಿನ ಗಂಟೆ ಬಾರಿಸುವಂತೆ ಅದಕ್ಕೆ ತಂತಿ ಎಳೆದಳು. ಮೊದಲ ಸಲ ಅದು ಬಾರಿಸಿದಾಗ ನರ್ಸುಗಳೆಲ್ಲ ಬೆಂಕಿ ಬಿದ್ದಿತೆಂದು ಅಂಗಳಕ್ಕೆ ಓಡಿದ್ದರು. ಆಕೆ ಮಾತ್ರ ಬ್ರಶ್ ಹಿಡಿದು ಒಳಗೆ ಓಡಿದ್ದಳು.

ಮನೆಯಲ್ಲಿ ಇದನ್ನು ವಿವರಿಸಿದಾಗ ಗಂಗಪ್ಪ ಎಲೆಗೆ ಸುಣ್ಣ ಸವರುತ್ತ ಕೇಳಿಸಿಕೊಂಡ.

"ಅಂದ್ರ ಅದು ಸುತ್ತ ಹಾಕಿ ನೋಡತೈತಿ. ಏನರ ಹೆಚ್ಚುಕಮ್ಮಿ ಆದ್ರ ಕೂಗತೈತಿ. ಹೌದಿಲ್ಲ?"

"ಹೌದ ಯಪ್ಪಾ."

"ಹಂಗಾದ್ರ ಅದು ತಳವಾರಕಿ ಮಾಡಾಕತ್ತೈತಿ, ಬಿಡು."

ಪ್ರೋಗ್ರಾಮಿಗೆ ಅದೇ ಹೆಸರಾಯಿತು. ತಳವಾರ. ತನ್ನ ಊರಿನಂಥದೇ ಧೂಳಿನ ಊರುಗಳು ಇನ್ನೂ ಇರಬಹುದೆಂದು ಆಕೆ ಅದನ್ನು ಎಲ್ಲರಿಗೂ ಸಿಗುವಂತೆ ಇಂಟರ್‌ನೆಟ್ಟಿನಲ್ಲಿ ಹಾಕಿದಳು. ವರ್ಷ ಕಳೆಯುವಷ್ಟರಲ್ಲಿ ಬ್ರೆಜಿಲ್‌ನ ಒಂದು ಶಾಲೆಯಿಂದ, ಪೋಲೆಂಡಿನ ಒಂದು ಗ್ರಂಥಾಲಯದಿಂದ ಮೇಲ್ ಬಂದವು. ಕೀನ್ಯಾದ ಚಹಾ ಫ್ಯಾಕ್ಟರಿಯವನೊಬ್ಬ, "ನಮ್ಮಲ್ಲಿ ಹತ್ತಿಯಲ್ಲ, ಚಹಾಪುಡಿ," ಎಂದು ಬರೆದಿದ್ದ.

ಈ ನಡುವೆ ಮದುವೆಯೂ ಆಯಿತು. ಗಂಡ ಹನಮೇಶ ಬೈರಿದೇವರಕೊಪ್ಪದಲ್ಲಿ ಬೈಕ್ ಗ್ಯಾರೇಜ್ ಇಟ್ಟಿದ್ದ. ಹೆಣ್ಣು ನೋಡಲು ಬಂದಾಗ ಅವಳು ಕೇಳಿದ ಒಂದೇ ಪ್ರಶ್ನೆ ಕಾರ್ಬೊರೇಟರಿನ ಬಗ್ಗೆ. ಅವನು ಅದಕ್ಕೆ ಗಂಭೀರವಾಗಿ ಉತ್ತರ ಕೊಟ್ಟ. ಸಂಬಂಧ ಅಲ್ಲಿಗೇ ಗಟ್ಟಿಯಾಯಿತು ಎಂದು ಫಕೀರವ್ವ ಹೇಳುತ್ತಾಳೆ.

ಎರಡು ಸಾವಿರದ ನಾಲ್ಕನೆಯ ಇಸವಿ. ರಕ್ತನಿಧಿಯ ಯಂತ್ರಕ್ಕೆ ಹೊಸ ಡಿಸ್ಕ್ ಬಂತು. ಹಳೆಯ ಕರ್ನೆಲ್ ಅದನ್ನು ಗುರುತಿಸಲಿಲ್ಲ. ಆಗ ತಾನೇ ಕರ್ನೆಲ್‌ನ ಹೊಸ ಪೀಳಿಗೆ ಹೊರಬಂದಿತ್ತು. ದ್ರಾಕ್ಷಾಯಿಣಿ ಅದನ್ನು ಹಾಕಿದಳು. ಎಲ್ಲ ಸರಿಯಾಗಿ ಎದ್ದು ನಿಂತಿತು. ಆದರೆ ತಳವಾರನ ಪರದೆಯಲ್ಲಿ ಬಿಸಿ ಸೊನ್ನೆ ಎಂದು ತೋರಿಸುತ್ತಿತ್ತು.

"ಬಾಯಾರ, ಹುಬ್ಬಳ್ಳಿಯಾಗ ಬರ್ಫ ಬಿದ್ದೈತಿ, ಬರ್ರಿ," ಎಂದು ಆಕೆ ನಕ್ಕು ಡಾಕ್ಟರನ್ನು ಕರೆದು ತೋರಿಸಿದಳು.

ನಗು ಬೇಗ ಆರಿತು. ಕಾರಣ ಹುಡುಕಿದಾಗ ತಿಳಿಯಿತು: ಹೊಸ ಕರ್ನೆಲ್‌ನಲ್ಲಿ ಬಿಸಿಯ ಅಂಕಿ ಇಡುವ ಜಾಗವೇ ಬದಲಾಗಿತ್ತು. ಮೊದಲು ಡಿಗ್ರಿಯಲ್ಲಿದ್ದದ್ದು ಈಗ ಅದರ ಸಾವಿರದಲ್ಲಿ ಒಂದು ಪಾಲಿನ ಲೆಕ್ಕದಲ್ಲಿತ್ತು. ಮನೆಯ ಮುಂದಿದ್ದ ಕರೆಂಟ್ ಮೀಟರನ್ನು ಹಿತ್ತಲಿಗೆ ಒಯ್ದು ಹಚ್ಚಿ, ಓದುವವನಿಗೆ ಹೇಳದೆ ಬಿಟ್ಟಂತೆ. ಫೈಲ್ ಸಿಗದ ತಳವಾರ ಸೊನ್ನೆ ಎಂದು ಬರೆದುಕೊಂಡು ಸುಮ್ಮನೆ ಕೂತಿದ್ದ. ದೊಡ್ಡ ಪೀಳಿಗೆ ಬದಲಾವಣೆ, ಇಷ್ಟು ಆಗುವುದೇ ಎಂದುಕೊಂಡು ಆಕೆ ಹೊಸ ಜಾಗದಿಂದ ಓದುವಂತೆ ತಿದ್ದಿದಳು. ಜೊತೆಗೆ, ಸೊನ್ನೆ ತೋರಿಸಿ ಗಾಬರಿ ಹುಟ್ಟಿಸುವುದು ಬೇಡವೆಂದು, ಅಂಕಿ ಸಿಗದಿದ್ದರೆ ಹಿಂದಿನ ಅಂಕಿಯನ್ನೇ ತೋರಿಸುವಂತೆ ಮಾಡಿದಳು. ಆ ಹೊತ್ತಿಗೆ ಅದು ಜಾಣತನವೆಂದೇ ಅನಿಸಿತ್ತು.

ಬಿಸಿಲು ಏರುವ ಹೊತ್ತಿಗೆ ಕರ್ನೆಲ್‌ನ ಇನ್ನೊಂದು ತಿದ್ದುಪಡಿ ಬಂತು. ಇದು ಸಣ್ಣದು, ಭದ್ರತೆಗೆ ಬೇಕಾದದ್ದು. ಆಕೆ ಹಾಕಿದಳು. ತಳವಾರ ನಲವತ್ತೊಂದು ಡಿಗ್ರಿ ತೋರಿಸುತ್ತಿದ್ದ. ಮರುದಿನವೂ ನಲವತ್ತೊಂದು. ಯಾರಿಗೂ ಏನೂ ಅನಿಸಲಿಲ್ಲ.

ಆ ವಾರದ ಒಂದು ಮಧ್ಯಾಹ್ನ ಧಾರವಾಡದ ಹೆರಿಗೆ ಆಸ್ಪತ್ರೆಯಿಂದ ಫೋನ್ ಬಂತು. ಹೆರಿಗೆಯಾದ ತಾಯಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ. ಆಕೆಯದು ಬಾಂಬೆ ಗುಂಪಿನ ರಕ್ತ, ಸಾವಿರಾರು ಜನರಲ್ಲಿ ಒಬ್ಬರಿಗಿರುವಂಥದ್ದು. ಬೇರೆ ಯಾರ ರಕ್ತವೂ ಒಗ್ಗದು. ಡಾಕ್ಟರ್ ಮಂದಾಕಿನಿ ಫೋನ್ ಕೆಳಗಿಡದೆಯೇ ಕೂಗಿದರು, "ದ್ರಾಕ್ಷಾಯಿಣಿ, ಬಾಂಬೆ ಗ್ರೂಪಿನವರು ಯಾರಿದ್ದಾರ ತಗಿ, ಲಗೂ!"

ದ್ರಾಕ್ಷಾಯಿಣಿ ಕೀಲಿ ಒತ್ತಿದಳು. ಪರದೆ ಅಲ್ಲಾಡಲಿಲ್ಲ. ಮತ್ತೊಮ್ಮೆ ಒತ್ತುವಷ್ಟರಲ್ಲಿ ಪರದೆ ಕಪ್ಪಾಯಿತು. ಯಂತ್ರದ ಮೇಲೆ ಕೈ ಇಟ್ಟವಳು ತಟ್ಟನೆ ಹಿಂದೆಗೆದಳು, ಕಾದ ಹಂಚಿನ ಹಾಗೆ ಸುಡುತ್ತಿತ್ತು. ಮುಚ್ಚಳ ತೆಗೆದರೆ ಫ್ಯಾನಿನ ರೆಕ್ಕೆ ಕಾಣದಷ್ಟು ಹತ್ತಿ. ಗಂಟೆ ಒಮ್ಮೆಯೂ ಬಾರಿಸಿರಲಿಲ್ಲ.

"ಧಾರವಾಡ ಸಪ್ತಾಪುರದಾಗ ಒಬ್ಬರು ಲೆಕ್ಚರರ್ ಇದ್ರಲ್ಲ, ಶಿವಯೋಗೀಶ ಅಂತ?" ಡಾಕ್ಟರ್ ಬಾಗಿಲಲ್ಲಿ ನಿಂತಿದ್ದರು. "ಹೋದ ತಿಂಗಳ ಅಲ್ಲೇ ಇನ್ನೊಂದ ಮನಿ ಮಾಡ್ಯಾರ. ಹೊಸಾ ನಂಬರ ಅದರಾಗ ಅದ."

"ತಗೀತೇನ್ರಿ ಬಾಯಾರ. ಡಿಸ್ಕಿಗೆ ಏನೂ ಆಗಿರಲಿಕ್ಕಿಲ್ಲ."

ಸ್ಕ್ರೂಡ್ರೈವರ್ ಹಿಡಿದು ಒಂದು ಸ್ಕ್ರೂ ಕೂಡ ಬೀಳಿಸದೆ ಬಿಚ್ಚಿದಳು. ಅದನ್ನು ಡಾಕ್ಟರ್ ಮಂದಾಕಿನಿ ಆಮೇಲೆ ಬಹಳ ಜನರಿಗೆ ಹೇಳಿದ್ದಾರೆ. ಬಿಸಿ ಡಿಸ್ಕನ್ನು ಸೆರಗಿನಲ್ಲಿ ಹಿಡಿದು ಕೌಂಟರಿನ ಸಣ್ಣ ಕಂಪ್ಯೂಟರಿಗೆ ಒಯ್ದಳು. ಅದರ ಮುಚ್ಚಳ ತೆಗೆದು ಈ ಡಿಸ್ಕನ್ನು ಜೋಡಿಸಿ ಚಾಲೂ ಮಾಡಿದಳು. ಅಕ್ಷರಗಳು ಒಂದೊಂದಾಗಿ ಮೂಡಿದವು. ಶಿವಯೋಗೀಶರ ಹೊಸ ನಂಬರ್ ಸಿಕ್ಕಿತು. ಅವರು ಮನೆಯಲ್ಲೇ ಇದ್ದರು. ಆದರೆ ಆ ಹೆರಿಗೆ ಆಸ್ಪತ್ರೆಯಲ್ಲಿ ರಕ್ತ ತೆಗೆದು ಪರೀಕ್ಷಿಸುವ ಸೌಕರ್ಯವಿಲ್ಲ, ಅವರು ಸಪ್ತಾಪುರದಿಂದ ಹುಬ್ಬಳ್ಳಿಗೆ ಬರಬೇಕು, ಬಸ್ಸಿಗೆ ಕಾಯುವ ಹೊತ್ತಲ್ಲ. ದ್ರಾಕ್ಷಾಯಿಣಿ ಗ್ಯಾರೇಜಿಗೆ ಫೋನ್ ಮಾಡಿದಳು.

"ಏನ್ರಿ, ಇದ್ದ ಗಾಡಿಯೊಳಗ ಛಲೋ ಗಾಡಿ ತಗೊಂಡ ಸಪ್ತಾಪುರಕ್ಕ ಹೋಗ್ರಿ. ಒಬ್ಬರನ್ನ ಕರಕೊಂಡ ಬರಬೇಕು."

ಹನಮೇಶ ಏಕೆ ಎಂದು ಕೇಳಲಿಲ್ಲ. ರಿಪೇರಿಗೆ ಬಂದಿದ್ದ ಯಾರದೋ ಬುಲೆಟ್ಟು ಅಂದು ಹುಬ್ಬಳ್ಳಿ–ಧಾರವಾಡದ ನಡುವೆ ಹೇಗೆ ಓಡಿತೆಂಬುದು ಅದರ ಮಾಲೀಕನಿಗೆ ಇವತ್ತಿಗೂ ಗೊತ್ತಿಲ್ಲ. ಶಿವಯೋಗೀಶರು ಬಂದರು, ರಕ್ತ ಕೊಟ್ಟರು. ಪರೀಕ್ಷೆ ಮುಗಿದ ಚೀಲ ಆಂಬ್ಯುಲೆನ್ಸಿನಲ್ಲಿ ಧಾರವಾಡಕ್ಕೆ ಹೋಯಿತು. ದೀಪ ಹಚ್ಚುವ ಹೊತ್ತಿಗೆ ಮತ್ತೆ ಫೋನ್ ಬಂತು. ತಾಯಿ ಉಳಿದಿದ್ದಳು, ಹೆಣ್ಣುಮಗು ಹಾಲು ಕುಡಿದಿತ್ತು.

ಎಲ್ಲರೂ ಪೇಢೆ ತಿಂದರು. ದ್ರಾಕ್ಷಾಯಿಣಿ ತನ್ನ ಪಾಲಿನ ಪೇಢೆಯನ್ನು ಮೇಜಿನ ಮೇಲಿಟ್ಟು ಯಂತ್ರವನ್ನು ನೋಡುತ್ತ ಕೂತಿದ್ದಳು. ಗಂಟೆ ಏಕೆ ಬಾರಿಸಲಿಲ್ಲ?

ಮರುದಿನ ಉತ್ತರ ಸಿಕ್ಕಿತು. ಆ ಸಣ್ಣ ತಿದ್ದುಪಡಿಯಲ್ಲಿ ಫೈಲಿನ ಹೆಸರು ಬದಲಾಗಿತ್ತು. ಹೆಸರಿನ ಕೊನೆಗಿದ್ದ ಅಂಕಿಯನ್ನು ಯಾರೋ ನಡುವೆ ತಂದಿದ್ದರು, ಅಷ್ಟೇ. ಹಳೆಯ ಹೆಸರು ಹುಡುಕಿ ಸಿಗದ ತಳವಾರ ಹಿಂದಿನ ನಲವತ್ತೊಂದನ್ನೇ ಹೇಳುತ್ತ ಕೂತಿದ್ದ. ತನ್ನ ಜಾಣತನ ತನಗೇ ತಿರುಗಿತ್ತು. ಮೊದಲು ಅದನ್ನು ಸರಿಮಾಡಿದಳು. ಅಂಕಿ ಸಿಗದಿದ್ದರೆ ಈಗ ತಳವಾರ "ಗೊತ್ತಿಲ್ಲ" ಎಂದು ಬರೆದು ಗಂಟೆ ಬಾರಿಸುತ್ತಿದ್ದ.

ಆದರೆ ಅಲ್ಲಿಗೆ ಬಿಡಲು ಮನಸ್ಸಾಗಲಿಲ್ಲ. ಬ್ರೆಜಿಲ್‌ನಲ್ಲಿ, ಪೋಲೆಂಡಿನಲ್ಲಿ ತಳವಾರ ಈಗಲೂ ಹಳೆಯ ಅಂಕಿ ಹೇಳುತ್ತಿರಬಹುದು. ಬೇರೆಯವರು ಬರೆದ ಇಂಥ ಕಾವಲು ಪ್ರೋಗ್ರಾಮುಗಳೂ ಬೇಕಾದಷ್ಟಿವೆ. ಕರ್ನೆಲ್ ಕಟ್ಟುವವರೆಲ್ಲ ಬಹಿರಂಗವಾಗಿ ಚರ್ಚಿಸುವ ಮೇಲಿಂಗ್ ಲಿಸ್ಟಿಗೆ ಆಕೆ ಬರೆದಳು. ಹೆಸರು ಬದಲಾದದ್ದರಿಂದ ತನ್ನ ಪ್ರೋಗ್ರಾಮ್ ಕುರುಡಾಯಿತು ಎಂದು ತಿಳಿಸಿದಳು.

ಉತ್ತರ ಬಂದದ್ದು ಹೆಂಡ್ರಿಕ್ ಎಂಬವನಿಂದ. ನೆದರ್ಲೆಂಡ್ಸಿನವನು, ಆ ಬಿಸಿ ಅಳೆಯುವ ಭಾಗವನ್ನು ನೋಡಿಕೊಳ್ಳುತ್ತಿದ್ದವನು. "ಹಳೆಯ ಹೆಸರುಗಳು ಕ್ರಮವಿಲ್ಲದೆ ಇದ್ದವು, ಸರಿಪಡಿಸಿದ್ದೇವೆ. ಹೊರಗಿನ ಪ್ರೋಗ್ರಾಮುಗಳು ನೇರವಾಗಿ ಫೈಲ್ ಓದಬಾರದು, ನಡುವೆ ಅವನ್ನು ಓದಿಕೊಡುವ ಲೈಬ್ರರಿ ಎಂಬ ಪ್ರೋಗ್ರಾಮ್ ಬಳಸಬೇಕು," ಎಂದು ಚುಟುಕಾಗಿ ಬರೆದಿದ್ದ. ಇನ್ನೊಬ್ಬ ಅದರ ಕೆಳಗೆ, "ನಿಮ್ಮ ಪ್ರೋಗ್ರಾಮ್ ಕೆಟ್ಟದ್ದು ನಿಮ್ಮ ತಪ್ಪು," ಎಂದು ಸೇರಿಸಿದ್ದ. ಅರ್ಧ ಸತ್ಯ ಇದ್ದುದರಿಂದಲೇ ಆ ಮಾತು ಹೆಚ್ಚು ಚುಚ್ಚಿತು.

ಭಾನುವಾರ ಬೆಂಗೇರಿಗೆ ಹೋದಾಗ ಮುಖ ಬಾಡಿದ್ದನ್ನು ಫಕೀರವ್ವ ನೋಡಿದಳು. ರೊಟ್ಟಿ ಬಡಿಯುತ್ತಲೇ ಕೇಳಿದಳು, "ಏನಾತ ದ್ರಾಕ್ಷಿ?"

ದ್ರಾಕ್ಷಾಯಿಣಿ ಹೇಳಿದಳು. ಫಕೀರವ್ವನಿಗೆ ಕರ್ನೆಲ್ ಗೊತ್ತಿರಲಿಲ್ಲ, ಅಳತೆ ಗೊತ್ತಿತ್ತು. ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜದ ಬಟ್ಟೆಗೆ ಒಂದು ಎಳೆ ಹೆಚ್ಚುಕಡಿಮೆಯಾದರೂ ಇಡೀ ಸುರುಳಿಯೇ ವಾಪಸು ಬರುತ್ತಿತ್ತು.

"ನಮ್ಮಲ್ಲೂ ಒಮ್ಮೊಮ್ಮಿ ಅಳತಿ ಬದಲ ಮಾಡ್ತಾರವ್ವಾ," ಎಂದಳು. "ಅದು ತಪ್ಪಲ್ಲ. ಆದ್ರ ನೂಲೋರಿಗೆ, ನೇಯೋರಿಗೆ, ಹೊಲಿಯೋರಿಗೆ ಎಲ್ಲಾರಿಗೂ ಮೊದಲ ಹೇಳ್ತಾರ. ಹಳೇ ನೂಲು ತೀರೂಮಟ ಹಳೇ ಅಳತೀನೂ ನಡಸ್ತಾರ. ಇಲ್ಲಂದ್ರ ಮಗ್ಗದ ಮ್ಯಾಲಿದ್ದ ಬಟ್ಟಿ ಏನಾಗಬೇಕು?"

ದ್ರಾಕ್ಷಾಯಿಣಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ತಾನು ಕೇಳಬೇಕಾದ್ದು ಅದೇ. ಹೊಸ ಹೆಸರು ಬೇಡವೆಂದಲ್ಲ, ಹಳೆಯದು ಸದ್ದಿಲ್ಲದೆ ಹೋಗಬಾರದೆಂದು.

ಆ ವಾರವೆಲ್ಲ ಊಟದ ಬಿಡುವಿನಲ್ಲಿ ಆಕೆ ಕೆಲಸ ಮಾಡಿದಳು. ಜಗತ್ತಿನಲ್ಲಿ ಬಳಕೆಯಲ್ಲಿದ್ದ ಬೇರೆ ಕಾವಲು ಪ್ರೋಗ್ರಾಮುಗಳನ್ನು ತಂದು ಒಂದೊಂದಾಗಿ ಹೊಸ ಕರ್ನೆಲ್ ಮೇಲೆ ಓಡಿಸಿದಳು. ಕೆಲವು ಸೊನ್ನೆ ತೋರಿಸಿದವು, ಕೆಲವು ಸುಮ್ಮನೆ ಸತ್ತವು, ಕೆಲವು ತಳವಾರನ ಹಾಗೆಯೇ ಹಳೆಯ ಅಂಕಿ ಹೇಳುತ್ತ ಕೂತವು. ಆಮೇಲೆ ಕರ್ನೆಲ್‌ನ ಒಳಗೇ ಇಳಿದಳು. ಹೊಸ ಹೆಸರಿನ ಜೊತೆ ಹಳೆಯ ಹೆಸರಿನಲ್ಲೂ ಅದೇ ಅಂಕಿ ಸಿಗುವಂತೆ, ಹಳೆಯದನ್ನು ಯಾರಾದರೂ ಓದಿದರೆ "ಈ ಹೆಸರು ಮುಂದೆ ಹೋಗಲಿದೆ" ಎಂಬ ಎಚ್ಚರಿಕೆ ದಾಖಲಾಗುವಂತೆ ತಿದ್ದುಪಡಿ ಬರೆದಳು. ಅದನ್ನು ಲಿಸ್ಟಿಗೆ ಕಳಿಸುವಾಗ ಮೇಲೆ ಕೆಲವೇ ಸಾಲು ಬರೆದಳು. ತನ್ನ ಪ್ರೋಗ್ರಾಮಿನಲ್ಲಿ ತಪ್ಪಿತ್ತು, ತಿದ್ದಿದ್ದೇನೆ. ಇವು ಕುರುಡಾದ ಇತರ ಪ್ರೋಗ್ರಾಮುಗಳು. ಇದರಿಂದ ಧಾರವಾಡದ ಒಬ್ಬ ಬಾಣಂತಿಗೆ ರಕ್ತ ತಡವಾಗುವುದಿತ್ತು. ನೀವು ಹೆಸರು ಬದಲಿಸಿ, ಆದರೆ ಮೊದಲು ಹೇಳಿ, ಹಳೆಯದನ್ನು ಕೆಲಕಾಲ ಉಳಿಸಿ.

ಎರಡು ದಿನ ಲಿಸ್ಟಿನಲ್ಲಿ ಸದ್ದಿಲ್ಲ. ಆಮೇಲೆ ಹೆಂಡ್ರಿಕ್‌ನ ಉತ್ತರ ಬಂತು. ಈ ಸಲ ಉದ್ದವಾಗಿತ್ತು.

"ಬಾಣಂತಿಯ ವಿಷಯ ಓದಿ ಎದ್ದು ಹೊರಗೆ ಹೋಗಿ ಒಂದಿಷ್ಟು ಅಡ್ಡಾಡಿ ಬಂದೆ. ನೀವು ಹೇಳುವುದು ಸರಿ. ಆದರೆ ನಿಮ್ಮ ತಿದ್ದುಪಡಿಯನ್ನು ಹೀಗೆಯೇ ತೆಗೆದುಕೊಳ್ಳಲಾರೆ," ಎಂದು ಆರಂಭಿಸಿ ತಪ್ಪುಗಳನ್ನು ಎತ್ತಿ ತೋರಿಸಿದ್ದ. ಇಲ್ಲಿ ಟ್ಯಾಬ್ ಬೇಕಾದಲ್ಲಿ ಖಾಲಿ ಜಾಗ ಬಿಟ್ಟಿದ್ದೀರಿ, ಅಲ್ಲಿ ಯಂತ್ರದ ಮೆಮೊರಿಯಲ್ಲಿ ಹಿಡಿದ ಜಾಗವನ್ನು ಬಿಟ್ಟುಕೊಟ್ಟಿಲ್ಲ, ಈ ಸಾಲು ಬಹಳ ಉದ್ದ.

ದ್ರಾಕ್ಷಾಯಿಣಿಗೆ ಕೋಪ ಬರಲಿಲ್ಲ. ಖುಷಿಯಾಯಿತು. ಒಂದು ಎಳೆ ತಪ್ಪಿದರೂ ಇಡೀ ಬಟ್ಟೆ ವಾಪಸು ಬರುವ ಮನೆಯಲ್ಲೇ ಬೆಳೆದವಳು ಅವಳು. ತಿದ್ದಿ ಕಳಿಸಿದಳು. ಮತ್ತೆ ವಾಪಸು ಬಂತು, ಮತ್ತೆ ತಿದ್ದಿದಳು. ಆ ನಡುವೆ ಒಮ್ಮೆ ಹೆಂಡ್ರಿಕ್ ಕೇಳಿದ, "ನಿಮ್ಮ ಪ್ರೋಗ್ರಾಮಿಗೆ ಖಡ್ಗ ಎಂದು ಹೆಸರಿಟ್ಟಿದ್ದೇಕೆ? ಹಿಂದಿ ಶಬ್ದಕೋಶದಲ್ಲಿ ನೋಡಿದೆ." ಇಂಗ್ಲಿಷ್ ಅಕ್ಷರದಲ್ಲಿ ತಳವಾರ ಅವನಿಗೆ ತಲವಾರ್ ಆಗಿತ್ತು. ಆಕೆ ನಕ್ಕು, ಊರು ಕಾಯುವ ತಳವಾರ ಯಾರು, ಅವನ ಕೆಲಸವೇನು ಎಂದು ಬರೆದಳು. ತನ್ನ ತಂದೆಯ ಮನೆತನ ಅದೇ ಎಂದೂ ಬರೆದಳು. "ಹಾಗಾದರೆ ಖಡ್ಗಕ್ಕಿಂತ ಒಳ್ಳೆಯ ಹೆಸರು," ಎಂದು ಅವನು ಉತ್ತರಿಸಿದ.

ಮಳೆಗಾಲದ ಹೊತ್ತಿಗೆ ತಿದ್ದುಪಡಿ ಕರ್ನೆಲ್‌ನೊಳಗೆ ಸೇರಿತು. ಬರೆದವರ ಜಾಗದಲ್ಲಿ "ದ್ರಾಕ್ಷಾಯಿಣಿ ಗಂಗಪ್ಪ ತಳವಾರ" ಎಂಬ ಪೂರ್ತಿ ಹೆಸರಿತ್ತು. ಆ ಕರ್ನೆಲ್ ಓಡುವ ಕಡೆಯಲ್ಲೆಲ್ಲ ಆ ಬದಲಾವಣೆ ಇನ್ನು ಓಡುತ್ತದೆ. ಹನಮೇಶ ಅದನ್ನು ಗ್ಯಾರೇಜಿನ ಗಿರಾಕಿಗಳಿಗೆಲ್ಲ ಹೇಳಿದ. "ಜಗತ್ತಿನ ಇಂಜಿನ್ನಿನೊಳಗ ನಮ್ಮಾಕಿ ಒಂದ ನಟ್ ಕುಂಡ್ರಿಸ್ಯಾಳ," ಎಂಬುದು ಅವನ ವಿವರಣೆ. ಡಾಕ್ಟರ್ ಮಂದಾಕಿನಿ ಮತ್ತೆ ಪೇಢೆ ತರಿಸಿದರು. ಈ ಸಲ ದ್ರಾಕ್ಷಾಯಿಣಿ ತನ್ನ ಪಾಲಿನದನ್ನು ತಿಂದು ಇನ್ನೊಂದನ್ನೂ ತೆಗೆದುಕೊಂಡಳು.

ಗಂಗಪ್ಪನಿಗೆ ಪರದೆಯ ಮೇಲೆ ತೋರಿಸಿದಾಗ ಅವನು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. ಇಂಗ್ಲಿಷ್ ಓದಲು ಬಾರದು.

"ಇದರಾಗ ನನ್ನ ಹೆಸರ ಯಾವುದ?"

ಆಕೆ ಬೆರಳಿಟ್ಟು ತೋರಿಸಿದಳು.

"ಇದು ಯಾರ್ಯಾರಿಗೆ ಕಾಣತೈತಿ?"

"ನೋಡಬೇಕಂದ್ರ ಎಲ್ಲಾರಿಗೂ ಕಾಣತೈತಿ ಯಪ್ಪಾ. ಯಾವ ದೇಶದಾಗಿದ್ದರೂ."

ಗಂಗಪ್ಪ ಎದ್ದು ಅಂಗಿಯ ಗುಂಡಿ ಹಾಕಿಕೊಂಡ, ಫೋಟೋ ತೆಗೆಸಿಕೊಳ್ಳುವವನ ಹಾಗೆ. ಆಮೇಲೆ ಓಣಿಯ ಕಡೆ ನಡೆದ. ಸಂಜೆಯೊಳಗೆ ಬೆಂಗೇರಿಗೆಲ್ಲ ಸುದ್ದಿ ಮುಟ್ಟಿತ್ತು. ಸುದ್ದಿ ಮುಟ್ಟಿಸುವುದರಲ್ಲಿ ಅವನ ಮನೆತನ ಎಂದೂ ಹಿಂದೆ ಬಿದ್ದದ್ದಲ್ಲ.

ಮುಂದಿನ ವರ್ಷಗಳಲ್ಲಿ ದ್ರಾಕ್ಷಾಯಿಣಿಯನ್ನು ಧಾರವಾಡದ ಕಾಲೇಜುಗಳು ಮಾತಾಡಲು ಕರೆದವು. ಆಕೆ ಹೋದಳು, ಹತ್ತಿ ಸುತ್ತಿದ ಆ ಹಳೆಯ ಫ್ಯಾನನ್ನು ಚೀಲದಲ್ಲಿ ಹಾಕಿಕೊಂಡು. ಹುಡುಗಿಯರು ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡುತ್ತಿದ್ದರು. ಕೆಲಸ ಮಾತ್ರ ರಕ್ತನಿಧಿಯಲ್ಲೇ ಮುಂದುವರಿಸಿದಳು.

ಎರಡು ಸಾವಿರದ ಏಳರ ಒಂದು ಬೆಳಿಗ್ಗೆ ಹೆಂಡ್ರಿಕ್‌ನ ಮೇಲ್ ಬಂದಿತ್ತು. ಫ್ಯಾನಿನ ವೇಗದ ಫೈಲುಗಳನ್ನು ಬೇರೆ ಕಡೆಗೆ ಸರಿಸುವ ಯೋಚನೆ ಇದೆ, ಇನ್ನೂ ಯಾರಿಗೂ ಕಳಿಸಿಲ್ಲ. ಮೊದಲು ನೀವು ನೋಡಿ, ನಿಮ್ಮ ತಳವಾರನಿಗೆ ತೊಂದರೆಯಾಗುತ್ತದೆಯೇ ಹೇಳಿ, ನೀವು ಸರಿ ಎಂದರೆ ಮುಂದುವರಿಯುತ್ತೇನೆ ಎಂದು ಬರೆದಿದ್ದ.

ಡಾಕ್ಟರ್ ಮಂದಾಕಿನಿ ಹಿಂದೆ ನಿಂತು ಓದುತ್ತಿದ್ದರು. "ಏನಂತ ಹೇಳ್ತಿ ಈಗ?"

"ಇವತ್ತ ಆಗೂದಿಲ್ರಿ ಬಾಯಾರ. ರಕ್ತದಾನ ಶಿಬಿರ ಐತೆಲ್ಲ, ಹೆಸರು ಹಾಕೂದ ರಗಡ ಐತಿ," ಎಂದು ದ್ರಾಕ್ಷಾಯಿಣಿ ಕೀಬೋರ್ಡ್ ಎಳೆದುಕೊಂಡಳು. ನಮ್ಮಲ್ಲಿನ ಹಳೆಯ ಯಂತ್ರದ ಮೇಲೂ ಓಡಿಸಿ ನೋಡಬೇಕು, ಮುಂದಿನ ವಾರದವರೆಗೆ ತಡೆಯಿರಿ ಎಂದು ಬರೆದು ಕಳಿಸಿದಳು.

ಅವನು ತಡೆದ.